ಇವನು ಕಾಲು ಎಲ್ಲಿ ಇಡುತ್ತಾನೆ?

ಹೋದ ವರ್ಷ ಅಮ್ಮ ತುಮಕೂರಿನಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದಳು. ಮಿಶಿಗನ್ನಿನ ಚಳಿಗೆ ಅವಳು ಹೊರಗೆ ಕಾಲಿಡುವ ಹಾಗಿರಲಿಲ್ಲ. ರಾತ್ರಿ ಊಟ ಮುಗಿಸಿ ನಾನು ಬೇಸ್‌ಮೆಂಟಿಗೆ ಇಳಿದು ಮೇಜಿನ ದೀಪ ಹಾಕಿದರೆ, ಅವಳೂ ಶಾಲು ಹೊದ್ದುಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ನನ್ನ ಕೈಯಲ್ಲಿ ಅರ, ಎಮರಿ ಕಾಗದ, ಅಂಟು. ಅವಳ ಮಡಿಲಲ್ಲಿ ಬಿಡಿಸಬೇಕಾದ ಬೆಳ್ಳುಳ್ಳಿ.

ಅವತ್ತು ಮೇಜಿನ ಮೇಲೆ ಒಂದು ಗೇಣು ಉದ್ದದ ಗಾಡಿ ಇತ್ತು. ಇನ್ನೂ ಬಣ್ಣ ಕಂಡಿರಲಿಲ್ಲ. ಮುಂದೆ ಸೈಕಲ್ಲಿನ ಚಕ್ರದಂಥ ಎರಡು ಸಣಕಲು ಚಕ್ರ. ಹಿಂದೆ ಡೋಲಿನಂತೆ ಊದಿಕೊಂಡ ಎರಡು ಟೈರು. ಎರಡರ ನಡುವೆ ಉದ್ದಕ್ಕೂ ಬರೀ ಕೊಳವೆ. ಹಿಂದಿನ ಟೈರಿಗೆ ಸ್ವಲ್ಪ ಮುಂದೆ ದೊಡ್ಡ ಎಂಜಿನ್ನು. ಟೈರಿಗಿಂತಲೂ ಹಿಂದೆ, ಗಾಡಿಯ ಬಾಲದಲ್ಲಿ, ಒಂದು ಪುಟ್ಟ ಸೀಟು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

“ಡ್ರೈವರ್ ಇಲ್ಲಾ ಕೂರೋದು?”

“ಹೂಂ.”

“ಮತ್ತೆ ಇವ್ನು ಕಾಲೆಲ್ಲಿ ಇಟ್ಕಂತಾನೆ?”

ಹನ್ನೊಂದು ವರ್ಷದಿಂದ ಹಳೆಯ ಡ್ರ್ಯಾಗ್ ರೇಸ್ ಗಾಡಿಗಳ ಮಾಡೆಲ್ ಕಟ್ಟುತ್ತಿದ್ದೇನೆ. ಎಷ್ಟೋ ಸೀಟು ಅಂಟಿಸಿದ್ದೇನೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉತ್ತರ ಓದಿ ಗೊತ್ತಿತ್ತು. ಆದರೆ ಓದಿ ತಿಳಿದದ್ದು ಬೇರೆ, ಬೆರಳಿಟ್ಟು ತೋರಿಸೋದು ಬೇರೆ ಅಲ್ವಾ? ಚಿಮಟದ ತುದಿಯಿಂದ ತೋರಿಸಿದೆ. ಇದು ಹಿಂದಿನ ಆಕ್ಸಲ್ಲು, ಎರಡು ಚಕ್ರಗಳನ್ನು ಕೂಡಿಸುವ ದಂಡ. ಕುದುರೆ ಮೇಲೆ ಕೂತ ಹಾಗೆ ಆ ಕಡೆ ಒಂದು, ಈ ಕಡೆ ಒಂದು ಕಾಲು ಹಾಕಿ ಆಕ್ಸಲ್ಲಿನ ಮೇಲಿಂದ ಮುಂದಕ್ಕೆ ಚಾಚುತ್ತಾನೆ. ಪಾದ ಬರೋದು ಇಲ್ಲಿ. ಹಾಗೆ ತೋರಿಸಿದ ಜಾಗದಲ್ಲಿ, ಎರಡೂ ಪಾದಗಳ ನಡುವೆ, ಗೇರ್‌ಬಾಕ್ಸೂ ಕ್ಲಚ್ಚೂ ಇದ್ದವು.

ಅಮ್ಮ ಏನೂ ಅನ್ನಲಿಲ್ಲ. ಬೆಳ್ಳುಳ್ಳಿ ಬಿಡಿಸುತ್ತಿದ್ದ ಕೈ ಮಾತ್ರ ನಿಂತಿತು.

ಡ್ರ್ಯಾಗ್ ರೇಸ್ ಅಂದರೆ ನಮ್ಮ ಕಡೆ ನೆನಪಾಗೋದು ನಡುರಾತ್ರಿ ರಿಂಗ್ ರೋಡಿನಲ್ಲಿ ಬೈಕ್ ಹಾರಿಸುವ ಹುಡುಗರು. ಅಮೆರಿಕದಲ್ಲೂ ಇದು ಬೀದಿಯಲ್ಲಿ ಬೆಳೆದ ಆಟವೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಹಳೆ ಕಾರುಗಳ ಎಂಜಿನ್ ಬಿಚ್ಚಿ, ತಿದ್ದಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸುತ್ತಿದ್ದರು. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕೊಟ್ಟು ಓಡಿಸುವ ಟ್ರ್ಯಾಕ್ ಶುರುವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ಎನ್‌ಎಚ್‌ಆರ್‌ಎ ಅಂತ, ಈ ರೇಸುಗಳನ್ನು ನಡೆಸುವ ಸಂಸ್ಥೆ ಕಟ್ಟಿದರು. ಬೀದಿಯಲ್ಲಿ ಓಡಿಸಿ ಸಾಯುವ ಬದಲು ಟ್ರ್ಯಾಕಿಗೆ ಬನ್ನಿ ಅನ್ನೋದು ಅವರ ಮಾತಿನ ಸಾರ. ಆಟದ ನಿಯಮ ಮಗುವಿಗೂ ಅರ್ಥವಾಗುತ್ತದೆ. ಕಾಲು ಮೈಲಿ, ಅಂದರೆ 402 ಮೀಟರ್ ನೇರ ದಾರಿ. ಎರಡು ಗಾಡಿ ಅಕ್ಕಪಕ್ಕ. ಮೊದಲು ತುದಿ ಮುಟ್ಟಿದವನು ಗೆದ್ದ, ಇನ್ನೊಬ್ಬ ಮನೆಗೆ.

ನನ್ನ ಮೇಜಿನ ಮೇಲಿದ್ದ ಜಾತಿಯ ಗಾಡಿಗೆ ಸ್ಲಿಂಗ್‌ಶಾಟ್ ಅಂತ ಹೆಸರು. ಕವೆಗೋಲಿಗೆ ರಬ್ಬರ್ ಕಟ್ಟಿ ಮಾವಿನಕಾಯಿಗೆ ಕಲ್ಲು ಹೊಡೆಯುತ್ತಿದ್ದೆವಲ್ಲ, ಅದೇ. ಹಿಂದಿನ ಟೈರುಗಳು ಕವೆಯ ಎರಡು ತುದಿ ಅಂದುಕೊಂಡರೆ, ಅವುಗಳ ಹಿಂದೆ ಎಳೆದು ಹಿಡಿದ ಕಲ್ಲಿನ ಜಾಗದಲ್ಲಿ ಡ್ರೈವರ್ ಕೂತಿರುತ್ತಾನೆ. ಅವನನ್ನು ಅಲ್ಲಿ ಕೂರಿಸಿದ್ದಕ್ಕೆ ಕಾರಣ ಇದೆ. ಹೊರಡುವಾಗ ಟೈರು ಜಾರಬಾರದು, ಹಿಂದಕ್ಕೆ ಭಾರ ಬೀಳಬೇಕು. ಎಂಜಿನ್ನನ್ನು ಆದಷ್ಟೂ ಹಿಂದಕ್ಕೆ ತಳ್ಳಿದರು. ಡ್ರೈವರನ್ನು ಅದಕ್ಕೂ ಹಿಂದೆ ಕೂರಿಸಿದರು.

ಇನ್ನು ಎಂಜಿನ್ನು. ಕ್ರೈಸ್ಲರ್ ಕಂಪನಿಯ ಹೆಮಿ ಅನ್ನೋ ಎಂಟು ಸಿಲಿಂಡರಿನ ಎಂಜಿನ್ನು. ಅದರ ನೆತ್ತಿಯ ಮೇಲೆ ಗಾಳಿ ತುಂಬುವ ಬ್ಲೋವರ್. ಈ ಬ್ಲೋವರಿಗೆ 6-71 ಅಂತ ಕರೆಯುತ್ತಾರೆ. ಇದು ಹುಟ್ಟಿದ್ದು ರೇಸಿಗಲ್ಲ. ಲಾರಿ, ಬಸ್ಸುಗಳ ಜಿಎಂಸಿ ಡೀಸೆಲ್ ಎಂಜಿನ್ನಿನ ಭಾಗ ಅದು. ಆ ಎಂಜಿನ್ನಿಗೆ 6 ಸಿಲಿಂಡರ್, ಒಂದೊಂದೂ 71 ಘನ ಇಂಚು, ಅದಕ್ಕೇ ಆ ಹೆಸರು. ಹುಡುಗರು ಗುಜರಿಯಿಂದ ತಂದು ರೇಸ್ ಎಂಜಿನ್ನಿನ ಮೇಲೆ ಕೂರಿಸಿದರು. ಇಂಧನ ನೈಟ್ರೋಮೀಥೇನ್. ಪೆಟ್ರೋಲ್ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ನೈಟ್ರೋಗೆ 1.7 ಪಾಲು ಸಾಕು, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕದ ಒಂದು ಭಾಗವನ್ನು ಅದೇ ಹೊತ್ತು ತರುತ್ತದೆ. ಹಾಗಾಗಿ ಅದೇ ಸಿಲಿಂಡರಿಗೆ ಎಷ್ಟೋ ಪಟ್ಟು ಜಾಸ್ತಿ ಇಂಧನ ಸುರಿಯಬಹುದು. 1964ರಲ್ಲಿ ಫ್ಲೋರಿಡಾದ ರೇಸ್ ಡ್ರೈವರ್ ಡಾನ್ ಗಾರ್ಲಿಟ್ಸ್ ಈ ಕಾಲು ಮೈಲಿಯ ತುದಿಯಲ್ಲಿ ಗಂಟೆಗೆ 200 ಮೈಲಿ ದಾಟಿದರು. ನಮ್ಮ ಲೆಕ್ಕದಲ್ಲಿ 322 ಕಿಲೋಮೀಟರ್. ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ನಿಲ್ಲಿಸೋದಕ್ಕೆ ಹಿಂದಿನ ಬ್ರೇಕು, ಜೊತೆಗೆ ಒಂದು ಪ್ಯಾರಾಚೂಟು.

ನಾನು ಈ ಹುಚ್ಚಿಗೆ ಬಂದದ್ದು ರೇಸಿನ ದಾರಿಯಿಂದಲ್ಲ, ಅಚ್ಚಿನ ದಾರಿಯಿಂದ. ಓದಿದ್ದು ಟೂಲ್ ಅಂಡ್ ಡೈ ಡಿಪ್ಲೊಮಾ. ಪೀಣ್ಯದ ಒಂದು ಮೌಲ್ಡ್ ಶಾಪಿನಲ್ಲಿ ಆರು ವರ್ಷ ಇದ್ದೆ. ಶಾಂಪೂ ಬಾಟಲಿಯ ಮುಚ್ಚಳ, ಸ್ವಿಚ್ ಬಾಕ್ಸು, ಇಂಥವಕ್ಕೆ ಉಕ್ಕಿನ ಮೌಲ್ಡ್ ಮಾಡುವ ಕೆಲಸ. ಆಮೇಲೆ ಕಾರಿನ ಬಿಡಿಭಾಗಗಳ ಕೆಲಸಕ್ಕೆ ಅಂತ ಇಲ್ಲಿಗೆ ಬಂದೆ. ಮೊದಲ ಚಳಿಗಾಲದಲ್ಲಿ ಒಂದು ಹಾಬಿ ಅಂಗಡಿಗೆ ಸುಮ್ನೆ ಹೊಕ್ಕೆ. ಅಂಗಡಿಯವರು ಒಂದು ಮಾಡೆಲ್ ಕಿಟ್ಟಿನ ಡಬ್ಬ ತೆರೆದು ತೋರಿಸಿದರು. ಒಳಗೆ ರನ್ನರಿಗೆ, ಅಂದರೆ ಅಚ್ಚಿನೊಳಗೆ ಪ್ಲಾಸ್ಟಿಕ್ ಹರಿದ ದಾರಿಯ ಕಡ್ಡಿಗೆ, ಅಂಟಿಕೊಂಡೇ ಇದ್ದ ತುಂಡುಗಳು, ಬಳ್ಳಿಯಲ್ಲಿ ಕಾಯಿ ಬಿಟ್ಟ ಹಾಗೆ. ಕೈಗೆ ತಗೊಂಡು ತಿರುಗಿಸಿದೆ. ಮೌಲ್ಡಿನಿಂದ ತುಂಡನ್ನು ಹೊರಕ್ಕೆ ಹಾಕುವ ಎಜೆಕ್ಟರ್ ಪಿನ್ನು ತಳ್ಳಿದ ದುಂಡನೆಯ ಗುರುತು. ಮೌಲ್ಡಿನ ಎರಡು ಹೋಳು ಕೂಡುವ ಕಡೆ ಕೂದಲೆಳೆಯಂಥ ಗೆರೆ. ಮೌಲ್ಡ್ ಸವೆದ ಕಡೆ ಅಂಚಿನಲ್ಲಿ ಇಣುಕಿದ ಫ್ಲ್ಯಾಷ್, ಅಂದರೆ ಸೋರಿ ಬಂದ ಪ್ಲಾಸ್ಟಿಕ್ಕಿನ ತೆಳು ಪೊರೆ. ಈ ಮೌಲ್ಡ್ ಮಾಡಿದವನ ಕೈ ನನಗೆ ಅರ್ಥವಾಗುತ್ತಿತ್ತು. ಹೊಸ ಊರಿನಲ್ಲಿ ನನ್ನ ಭಾಷೆ ಆಡುವವರು ಸಿಕ್ಕ ಹಾಗಾಯಿತು.

ಆಮೇಲೆ ತಿಳಿಯಿತು, ನಾನು ಬಂದು ಸೇರಿದ್ದೇ ಈ ಮಾಡೆಲ್ ಕಿಟ್ಟುಗಳ ತವರಿಗೆ. ಎಎಂಟಿ ಕಂಪನಿ ಇದ್ದದ್ದು ಇದೇ ಟ್ರಾಯ್ ಊರಿನಲ್ಲಿ. ಈಗ ಇಲ್ಲಿ ಕನ್ನಡದವರ ಮನೆಗಳು ಎಷ್ಟೋ ಇವೆ. ಎಂಪಿಸಿ ಕಂಪನಿ ಮೌಂಟ್ ಕ್ಲೆಮೆನ್ಸಿನಲ್ಲಿ, ಅದೂ ಹೆಚ್ಚು ದೂರ ಇಲ್ಲ. ಕಾರು ಕಂಪನಿಗಳು ಹೊಸ ಕಾರು ಬಿಟ್ಟಾಗ ಡೀಲರ್‌ಗಳ ಮೇಜಿನ ಮೇಲಿಡಲು ಪುಟ್ಟ ಮಾದರಿ ಬೇಕಾಗುತ್ತಿತ್ತು. ಎಎಂಟಿ ಅದನ್ನು 25ರಲ್ಲಿ ಒಂದು ಪಾಲಿನ ಅಳತೆಗೆ ಮಾಡಿಕೊಡುತ್ತಿತ್ತು. 1958ರಿಂದ ಅದನ್ನೇ ಬಿಡಿ ತುಂಡುಗಳಾಗಿ ಡಬ್ಬಕ್ಕೆ ಹಾಕಿ ಮಕ್ಕಳಿಗೆ ಮಾರಿತು. ಒಂದೇ ಡಬ್ಬದಿಂದ ಮೂರು ಬಗೆಯಲ್ಲಿ ಕಟ್ಟಬಹುದು: ಕಾರ್ಖಾನೆಯಿಂದ ಬಂದ ಹಾಗೆ, ಶೋಕಿಗೆ ತಿದ್ದಿದ ಹಾಗೆ, ರೇಸಿಗೆ ತಯಾರಾದ ಹಾಗೆ. ಹುಡುಗರ ಕೈಗೆ ರೇಸ್ ಗಾಡಿ ಬಂದದ್ದು ಹೀಗೆ.

ಈ ಡೆಟ್ರಾಯಿಟ್ ಸುತ್ತಲ ಮಣ್ಣಿಗೂ ರೇಸಿಗೂ ಇರುವ ನಂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1950ರ ದಶಕದ ಕೊನೆಯಲ್ಲಿ ಕ್ರೈಸ್ಲರಿನ ಕೆಲವು ಎಂಜಿನಿಯರುಗಳು ಆಫೀಸು ಮುಗಿದ ಮೇಲೆ ಸೇರಿ ಗಾಡಿ ಕಟ್ಟುತ್ತಿದ್ದರು. ರಾಮ್‌ಚಾರ್ಜರ್ಸ್ ಅಂತ ಅವರ ಕ್ಲಬ್ಬಿನ ಹೆಸರು. ಅವರ ಮೊದಲ ಗಾಡಿ 1949ರ ಹಳೇ ಪ್ಲಿಮತ್. ಹಗಲು ಕಂಪನಿಯ ಡ್ರಾಯಿಂಗು, ರಾತ್ರಿ ತಮ್ಮ ಗಾಡಿ. ಅವರ ಫೋಟೋ ನೋಡಿದಾಗೆಲ್ಲ ಪೀಣ್ಯದಲ್ಲಿ ಶಿಫ್ಟು ಮುಗಿದ ಮೇಲೆ ಲೇತಿನ ಮುಂದೆ ನಿಂತು ಯಮಾಹಾ ಬೈಕಿನ ಪಾರ್ಟು ತಿರುಗಿಸುತ್ತಿದ್ದ ನಮ್ಮ ಹುಡುಗರು ಕಣ್ಣ ಮುಂದೆ ಬರುತ್ತಾರೆ.

ಅಮ್ಮ ನೋಡಿದ ಕಿಟ್ಟು ನನಗೆ ಬಂದದ್ದು ಪಕ್ಕದ ಮನೆಯ ಅಜ್ಜನಿಂದ. ಅವರೂ ಟೂಲ್ ರೂಮಿನಲ್ಲಿ ದುಡಿದು ರಿಟೈರ್ ಆದವರು. ನನ್ನ ಗರಾಜಿನಲ್ಲಿ ಒಮ್ಮೆ ಮಾಡೆಲ್ ನೋಡಿದವರು, ಮಾರನೇ ದಿನ ಅಟ್ಟದಿಂದ ಒಂದು ಡಬ್ಬ ಇಳಿಸಿ ತಂದುಕೊಟ್ಟರು. ಎಂಪಿಸಿಯ ಗಾರ್ಲಿಟ್ಸ್ ಡ್ರ್ಯಾಗ್‌ಸ್ಟರ್, ವಿನ್ಸ್ ಚಾರ್ಜರ್. ವಿನ್ಸ್ ಅನ್ನೋದು ದುಡ್ಡು ಹಾಕಿದ ಆಯಿಲ್ ಕಂಪನಿಯ ಹೆಸರು. ಅಜ್ಜ ಇದನ್ನು ಹುಡುಗನಾಗಿದ್ದಾಗ ಕೊಂಡಿದ್ದರಂತೆ. ಎಂಜಿನ್ನಿನ ಎರಡು ಹೋಳು ಅಂಟಿಸಿ ಅಷ್ಟಕ್ಕೇ ಬಿಟ್ಟಿದ್ದರು. ಯಾಕೆ ಬಿಟ್ಟೆ ಅನ್ನೋದು ಅವರಿಗೆ ನೆನಪಿಲ್ಲ.

ಡಬ್ಬದೊಳಗೆ ಐವತ್ತು ವರ್ಷ ಕಳೆದಿತ್ತು. ಈ ಟೈರುಗಳ ವಿನೈಲಿನಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ಇರುತ್ತದೆ. ಅದು ನಿಧಾನಕ್ಕೆ ಸೋರಿ, ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಒಂದು ಟೈರು ಗಾಡಿಯ ಮೂತಿಗೆ ಒರಗಿ ಮಲಗಿತ್ತು. ಎತ್ತಿದರೆ ಮೂತಿಯ ಮೇಲೆ ಟೈರಿನ ಅಂಚು ಚಂದ್ರನ ಹಾಗೆ ಕೊರೆದಿತ್ತು. ಅದನ್ನು ಪುಟ್ಟಿ ತುಂಬಿ, ಎಮರಿಯಿಂದ ತೀಡಿ, ಮತ್ತೆ ತುಂಬಿ ಸರಿ ಮಾಡಲು ಒಂದು ವಾರ ಹಿಡಿಯಿತು.

ಎಂಜಿನ್ನಿನ ಎಡಮಗ್ಗುಲಲ್ಲಿ ಇನ್ನೊಂದು ಗುರುತಿತ್ತು. ಒಂದು ಬೆರಳಚ್ಚು. ಟ್ಯೂಬಿನ ಅಂಟು ಜಾಸ್ತಿಯಾಗಿ ಪ್ಲಾಸ್ಟಿಕ್ ಮೆತ್ತಗಾದಾಗ ಒತ್ತಿ ಹಿಡಿದ ಹುಡುಗನ ಹೆಬ್ಬೆರಳು. ಗೆರೆಗೆರೆಯಾಗಿ ಉಳಿದುಕೊಂಡಿತ್ತು. ನನ್ನ ಹೆಬ್ಬೆರಳಿಗಿಂತ ಎಷ್ಟೋ ಚಿಕ್ಕದು. ಅರ ಕೈಗೆತ್ತಿಕೊಂಡವನು ಕೆಳಗಿಟ್ಟೆ. ಹೇಗೂ ಆ ಜಾಗವನ್ನು ಎಕ್ಸಾಸ್ಟ್ ಕೊಳವೆಗಳು ಮುಚ್ಚುತ್ತವೆ. ಅದರ ಮೇಲೇ ತೆಳ್ಳಗೆ ಬಣ್ಣ ಹೊಡೆದೆ. ಈಗಲೂ ದೀಪ ಓರೆಯಾಗಿ ಹಿಡಿದರೆ ಕಾಣಿಸುತ್ತದೆ.

ಮಾಡೆಲ್ಲಿನಲ್ಲಿ ನನಗೆ ತುಂಬಾ ಹಿಡಿಸುವ ಕೆಲಸ ಸ್ಪಾರ್ಕ್ ಪ್ಲಗ್ಗಿನ ತಂತಿ ಎಳೆಯೋದು. ಡಬ್ಬದಲ್ಲಿ ತಂತಿ ಕೊಟ್ಟಿರುವುದಿಲ್ಲ. ಅಸಲಿ ತಂತಿ 8 ಮಿಲಿಮೀಟರ್ ದಪ್ಪ. 25ರಿಂದ ಭಾಗಿಸಿದರೆ 0.32. ಅಷ್ಟು ಸಣ್ಣ ತಂತಿ ಹುಡುಕಿ ತಂದು, ಅಷ್ಟೇ ಸಣ್ಣ ಬಿಟ್ಟನ್ನು ಕೈಡ್ರಿಲ್ಲಿಗೆ ಸಿಕ್ಕಿಸಿ, ಬೆರಳಲ್ಲೇ ತಿರುಗಿಸಿ ತೂತು ಕೊರೆಯಬೇಕು. ಹೆಮಿಯಲ್ಲಿ ಪ್ಲಗ್ಗು ವಾಲ್ವ್ ಕವರಿನ ನಡುವೆಯೇ ಇಳಿಯುತ್ತದೆ, ಹಾಗಾಗಿ ಎಂಟೂ ತೂತು ಮೇಲೇ ಕಾಣುತ್ತವೆ. ತಪ್ಪಿದರೆ ಮುಚ್ಚಿಡಲು ಜಾಗ ಇಲ್ಲ. ಇನ್ನು ತಂತಿ ಹೋಗುವ ಕ್ರಮ. ಕ್ರೈಸ್ಲರ್ ವಿ8 ಎಂಜಿನ್ನಿನ ಸಿಲಿಂಡರುಗಳು ಉರಿಯುವ ಸರದಿ 1-8-4-3-6-5-7-2. ಪ್ಲಗ್ಗುಗಳಿಗೆ ಕಿಡಿಯ ಕರೆಂಟು ಕೊಡುವ ಮ್ಯಾಗ್ನೆಟೊದ ಸುತ್ತ ಅದೇ ಸರದಿಯಲ್ಲಿ ತಂತಿ ಹೊರಡಬೇಕು. ಬೆಸಸಂಖ್ಯೆ ಒಂದು ಕಡೆಗೆ, ಸಮಸಂಖ್ಯೆ ಇನ್ನೊಂದು ಕಡೆಗೆ. ಯಾರು ನೋಡುತ್ತಾರೆ ಅಂತ ಕೆಲವರು ಹೇಗೋ ಚುಚ್ಚಿ ಬಿಡುತ್ತಾರೆ. ನನಗೆ ಅದು ಆಗದು. ಅಸಲಿ ಗಾಡಿಯಲ್ಲಿ ಎರಡು ತಂತಿ ಅದಲುಬದಲಾದರೆ ಎಂಜಿನ್ನು ಸಿಡಿಯಬಹುದು. ಆ ಹೆದರಿಕೆ ಚಿಕ್ಕದರಲ್ಲೂ ಇರಲಿ.

ಮೂರನೇ ತಂತಿಗೆ ನನ್ನ ಕೈ ನಡುಗಿತು. ಅಮ್ಮ ನೋಡುತ್ತಿದ್ದವಳು “ಕೊಡು ಇಲ್ಲಿ” ಅಂದಳು. ಬೆರಳನ್ನು ನಾಲಿಗೆಗೆ ತಾಗಿಸಿ, ತಂತಿಯ ತುದಿ ಹೊಸೆದು, ಚಿಮಟವನ್ನೂ ಮುಟ್ಟದೆ ಬರಿಗೈಯಲ್ಲೇ ತೂತಿಗೆ ಇಳಿಸಿದಳು. ಐವತ್ತು ವರ್ಷದಿಂದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದ ಬೆರಳು ಅದು. ನಾನು ನಂಬರು ಹೇಳುತ್ತಾ ಹೋದೆ, ಅವಳು ಪೋಣಿಸುತ್ತಾ ಹೋದಳು. ಆರು ಆಯಿತು, ಐದು ಆಯಿತು.

“ಹೂ ಕಟ್ಟೋ ಹಂಗೇ ಐತಲ್ಲೋ. ಈ ಕಡಿಗೊಂದು, ಆ ಕಡಿಗೊಂದು.”

ಕೊನೆಗೆ ಬಂದ 2ನೇ ನಂಬರಿನ ಸಿಲಿಂಡರಿಗೆ ತಂತಿ ಸ್ವಲ್ಪ ಸಡಿಲ ಇರಲಿ ಅಂದೆ. ಅವಳು ಆಗಲೇ ಸಡಿಲ ಬಿಟ್ಟಿದ್ದಳು.

ಬಣ್ಣದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಗಾರ್ಲಿಟ್ಸರ ಗಾಡಿಗಳು ಹೆಚ್ಚಾಗಿ ಕಪ್ಪು. ಕಪ್ಪು ಬಣ್ಣ ಧೂಳನ್ನೂ ಎತ್ತಿ ತೋರಿಸುತ್ತದೆ, ಹಾಗಾಗಿ ನೆಲ ಒದ್ದೆ ಮಾಡಿಕೊಂಡು ಏರ್‌ಬ್ರಷ್ ಹಿಡಿಯಬೇಕು. ತೆಳ್ಳಗೆ ಹೊಡೆಯೋದು ಮುಖ್ಯ. ಮಾಡೆಲ್ಲಿನ ಮೇಲೆ 0.1 ಮಿಲಿಮೀಟರ್ ದಪ್ಪ ಬಣ್ಣ ಬಿದ್ದರೆ ಅದು ಅಸಲಿ ಗಾಡಿಯ ಮೇಲೆ ಎರಡೂವರೆ ಮಿಲಿಮೀಟರ್ ದಪ್ಪ ಮೆತ್ತಿದ ಲೆಕ್ಕ.

ಡೆಕಾಲ್ ಮಾತ್ರ ಸತಾಯಿಸಿತು. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಈ ಹಾಳೆ ವಯಸ್ಸಾದಂತೆ ಹಳದಿಗಟ್ಟುತ್ತದೆ. ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಸಿಲು ಬರುವ ಕಿಟಕಿಗೆ ಟೇಪ್ ಹಾಕಿದರೆ ಹಳದಿ ಬಿಡುತ್ತದೆ. ಮಿಶಿಗನ್ನಿನ ಚಳಿಗಾಲದಲ್ಲಿ ಬಿಸಿಲೆಲ್ಲಿ? ಏಳು ವಾರ ಕಿಟಕಿಯಲ್ಲಿತ್ತು. ಅಮ್ಮ ದಿನಾ ಬೆಳಿಗ್ಗೆ ಪರದೆ ಸರಿಸುವಾಗ “ಬೆಳ್ಳಗಾಗಿಲ್ಲ ಇನ್ನೂ” ಅಂತ ವರದಿ ಕೊಡುತ್ತಿದ್ದಳು. ಹಳದಿ ಹೋದ ಮೇಲೆ ಒಂದು ಚಿಕ್ಕ ಸ್ಟಿಕ್ಕರನ್ನು ಪರೀಕ್ಷೆಗೆ ನೀರಿಗೆ ಹಾಕಿದೆ. ಹಪ್ಪಳದ ಹಾಗೆ ಚೂರುಚೂರಾಯಿತು. ಉಳಿದ ಹಾಳೆಗೆ ಮೊದಲೇ ಅಂಟು ಪೊರೆ ಬಳಿದು, ಒಣಗಿಸಿ, ಆಮೇಲೆ ಒಂದೊಂದಾಗಿ ಕತ್ತರಿಸಿದೆ. ದೊಡ್ಡ ಅಕ್ಷರಗಳೆಲ್ಲ ಉಳಿದವು. ಚೂರಾದ ಸ್ಟಿಕ್ಕರಿನ ಜಾಗ ಖಾಲಿಯೇ ಇದೆ.

ಕೊನೆಗೆ ಉಳಿದದ್ದು ಸೀಟು.

1970ರ ಮಾರ್ಚ್ 8. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಹತ್ತಿರ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಅಂತ ಒಂದು ಟ್ರ್ಯಾಕ್ ಇತ್ತು. ಅವತ್ತಿನ ಕೊನೆಯ ಓಟಕ್ಕೆ ಗಾರ್ಲಿಟ್ಸ್ ಗೆರೆಗೆ ಬಂದು ನಿಂತರು. ಅದು ಅವರ ಹದಿಮೂರನೇ ಗಾಡಿ. ಅವರ ಗಾಡಿಗಳೆಲ್ಲಕ್ಕೂ ಸ್ವಾಂಪ್ ರ‍್ಯಾಟ್ ಅಂತಲೇ ಹೆಸರು, ಜೌಗು ನೆಲದ ಇಲಿ. ಹಸಿರು ದೀಪ ಬಿತ್ತು. ಕ್ಲಚ್ಚು ಬಿಟ್ಟರು. ಎರಡು ಗೇರಿನ ಹೊಸ ಗೇರ್‌ಬಾಕ್ಸು ಅಲ್ಲೇ ಸಿಡಿಯಿತು. ಗಾಡಿ ಎರಡು ತುಂಡಾಯಿತು. ಗಾರ್ಲಿಟ್ಸರ ಬಲಪಾದದ ಮುಂಭಾಗ ಹೋಯಿತು.

ಇದನ್ನು ಎಷ್ಟು ಸಲ ಓದಿದ್ದೆನೋ. ಅಮ್ಮನ ಪ್ರಶ್ನೆ ಬಂದ ಮೇಲೆ ಓದಿದ್ದು ಸಾಲಲಿಲ್ಲ. ಮಾರನೇ ರಾತ್ರಿ ರಟ್ಟಿನಿಂದ ಒಬ್ಬ ಮನುಷ್ಯನನ್ನು ಕತ್ತರಿಸಿದೆ. ಐದು ಅಡಿ ಒಂಬತ್ತಿಂಚಿನ ಆಳು 25ರ ಲೆಕ್ಕದಲ್ಲಿ 7 ಸೆಂಟಿಮೀಟರ್ ಬರುತ್ತಾನೆ. ಸೊಂಟಕ್ಕೂ ಮಂಡಿಗೂ ದಾರ ಹಾಕಿ ಮಡಚುವ ಹಾಗೆ ಮಾಡಿದೆ. ಅಂಟು ಹಾಕದೆ ಸೀಟನ್ನು ಇಟ್ಟು, ಅವನನ್ನು ಕೂರಿಸಿ, ಕಾಲು ಚಾಚಿಸಿದೆ. ತೊಡೆ ಆಕ್ಸಲ್ಲಿನ ಮೇಲೆ ಬಂತು. ಪಾದ ಗೇರ್‌ಬಾಕ್ಸಿನ ಪಕ್ಕಕ್ಕೆ ಬಂದು ತಾಗಿತು. ರಟ್ಟಿನ ಪಾದಕ್ಕೂ ಗೇರ್‌ಬಾಕ್ಸಿಗೂ ನಡುವೆ ನನ್ನ ಉಗುರು ತೂರುವಷ್ಟೂ ಜಾಗ ಇರಲಿಲ್ಲ. ಅವನ ಮೂಗಿನ ನೇರಕ್ಕೆ ಬ್ಲೋವರ್. ಎಂಜಿನ್ನು ಸಿಡಿದರೆ ಎಣ್ಣೆ, ಬೆಂಕಿ ಎಲ್ಲಾ ಸೀದಾ ಮುಖಕ್ಕೆ.

ಆಮೇಲೆ ಕಪಾಟಿನಲ್ಲಿದ್ದ ಒಂದೊಂದು ಸ್ಲಿಂಗ್‌ಶಾಟನ್ನೂ ಇಳಿಸಿ ಅದೇ ಆಳನ್ನು ಕೂರಿಸಿ ನೋಡಿದೆ. ಹನ್ನೊಂದು ವರ್ಷದ ಗಾಡಿಗಳು. ಎಲ್ಲದರಲ್ಲೂ ಅದೇ ಕತೆ. ಒಂದರಲ್ಲಂತೂ ನಾನೇ ಪೆಡಲ್ಲನ್ನು ತಲೆಕೆಳಗಾಗಿ ಅಂಟಿಸಿದ್ದೆ. ಅವತ್ತೇ ಬಿಚ್ಚಿ ಸರಿ ಮಾಡಿದೆ.

ಈ ಗಾಡಿಗಳ ಬಗ್ಗೆ ನನ್ನ ಪ್ರೀತಿಗೆ ಇದೇ ಕಾರಣ ಅನ್ನಿಸುತ್ತದೆ. ಇವು ಏನನ್ನೂ ಮುಚ್ಚಿಡುವುದಿಲ್ಲ. ಅದೇ ಕಾಲದ ಫನ್ನಿ ಕಾರುಗಳಿಗೆ ಫೈಬರಿನ ಇಡೀ ಬಾಡಿ ಹೊದಿಸಿರುತ್ತಾರೆ, ಹೊರಗಿಂದ ನೋಡಿದರೆ ಮಾಮೂಲಿ ಕಾರಿನ ಹಾಗೆ. 1970ರಲ್ಲಿ ಹಾಟ್ ವೀಲ್ಸ್ ಆಟಿಕೆ ಕಂಪನಿಯ ದುಡ್ಡಿನಲ್ಲಿ ಓಡಿದ ಹಾವು-ಮುಂಗುಸಿ ಜೋಡಿ, ಡಾನ್ ಪ್ರುಡೋಮ್ ಮತ್ತು ಟಾಮ್ ಮೆಕ್ಯೂಯನ್ ಅವರ ಹಳದಿ, ಕೆಂಪು ಕಾರುಗಳು, ನೋಡಲು ಬಲು ಚೆಂದ. ಕಟ್ಟಿದ್ದೇನೆ ಕೂಡ. ಆದರೆ ಬಾಡಿ ಇಳಿಸಿ ಮುಚ್ಚುವಾಗ ಮನಸ್ಸು ಬರುವುದಿಲ್ಲ. ಸ್ಲಿಂಗ್‌ಶಾಟಿನಲ್ಲಿ ಪ್ರತಿ ಕೊಳವೆಗೂ ಒಂದು ಕಾರಣ ಇದೆ, ಅದು ಕಣ್ಣಿಗೆ ಕಾಣುತ್ತದೆ. ಮನುಷ್ಯನನ್ನು ಎಲ್ಲಿ ಇಟ್ಟರು ಅನ್ನೋದೂ ಕಾಣುತ್ತದೆ.

ಗಾರ್ಲಿಟ್ಸ್ ಆಸ್ಪತ್ರೆಯ ಹಾಸಿಗೆಯಲ್ಲೇ ಮುಂದಿನ ಗಾಡಿಯ ಯೋಚನೆಗೆ ಬಿದ್ದರು. ಎಂಜಿನ್ನು ಹಿಂದೆ, ಮನುಷ್ಯ ಮುಂದೆ. ಎಂಜಿನ್ನನ್ನು ಹಿಂದಿಡುವ ಪ್ರಯತ್ನ ಮುಂಚೆಯೂ ನಡೆದಿತ್ತು. ಆದರೆ ಅಂಥ ಗಾಡಿಗಳು ನೆಟ್ಟಗೆ ಓಡುತ್ತಿರಲಿಲ್ಲ. ಡ್ರೈವರ್ ಮುಂದೆ ಕೂತಾಗ ಹಿಂಭಾಗ ಜಾರುವುದು ತಡವಾಗಿ ಗೊತ್ತಾಗುತ್ತದೆ, ಗಾಬರಿಯಲ್ಲಿ ಸ್ಟೀರಿಂಗ್ ಜಾಸ್ತಿ ತಿರುಗಿಸಿಬಿಡುತ್ತಾನೆ. ಗಾರ್ಲಿಟ್ಸರ ಗುಂಪು ತಿಂಗಳುಗಟ್ಟಲೆ ಒದ್ದಾಡಿ ಕೊನೆಗೆ ಸ್ಟೀರಿಂಗನ್ನು ನಿಧಾನ ಮಾಡಿತು. ಚಕ್ರ ಅಷ್ಟೇ ತಿರುಗಬೇಕಾದರೆ ಕೈ ಇನ್ನೂ ಹೆಚ್ಚು ತಿರುಗಬೇಕು, ಅಷ್ಟೇ. ಗಾಡಿ ನೆಟ್ಟಗಾಯಿತು. ಸ್ವಾಂಪ್ ರ‍್ಯಾಟ್ 14. 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಅದೇ ಗಾಡಿ ಗೆದ್ದಿತು. ಕೆಲವೇ ವರ್ಷಗಳಲ್ಲಿ ನೈಟ್ರೋ ಸುಡುವ ಅತಿ ವೇಗದ ಗಾಡಿಗಳ ಟಾಪ್ ಫ್ಯೂಯಲ್ ವರ್ಗದಿಂದ ಸ್ಲಿಂಗ್‌ಶಾಟುಗಳು ಕಣ್ಮರೆಯಾದವು. ಲಯನ್ಸ್ ಟ್ರ್ಯಾಕೂ 1972ರ ಡಿಸೆಂಬರಿನಲ್ಲಿ ಮುಚ್ಚಿತು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. “ಸದ್ಯ, ಈಗ ಕಾಲು ಬಚಾವಾಯ್ತಲ್ಲ” ಅಂದಳು.

ಪೂರ್ತಿ ಬಚಾವಾಗಲಿಲ್ಲ. ಶರ್ಲಿ ಮಲ್ಡೌನಿ ಅವರ ಕತೆ ಹೇಳಬೇಕಾಯಿತು. ಟಾಪ್ ಫ್ಯೂಯಲ್ ಗಾಡಿ ಓಡಿಸಲು ಎನ್‌ಎಚ್‌ಆರ್‌ಎ ಲೈಸೆನ್ಸ್ ಪಡೆದ ಮೊದಲ ಹೆಂಗಸು. ಗುಲಾಬಿ ಬಣ್ಣದ ಗಾಡಿ. 1977, 1980, 1982, ಮೂರು ಸಲ ಚಾಂಪಿಯನ್. ಅವರ ಗಾಡಿಯಲ್ಲಿ ಎಂಜಿನ್ನು ಹಿಂದೆಯೇ ಇತ್ತು. ಆದರೆ ಈಗ ಕಾಲು ಎಲ್ಲಕ್ಕಿಂತ ಮುಂದೆ ಬಂದಿತ್ತಲ್ಲ. 1984ರಲ್ಲಿ ಮಾಂಟ್ರಿಯಲ್ ಹತ್ತಿರ ಮುಂದಿನ ಟೈರು ಕೈಕೊಟ್ಟು ಗಾಡಿ ದಾರಿ ಬಿಟ್ಟು ಹೋಯಿತು. ಎರಡೂ ಕಾಲು ನುಜ್ಜುಗುಜ್ಜಾಯಿತು. ಎಷ್ಟೋ ಆಪರೇಷನ್ನುಗಳಾದವು. 1986ರಲ್ಲಿ ಮತ್ತೆ ಅದೇ ಸೀಟಿಗೆ ಬಂದು ಕೂತರು.

“ಮತ್ತೆ ಕೂತ್ಲಾ?” ಅಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, “ಕೂತ್ಕಂತಾಳೆ ಬಿಡು” ಅಂದಳು.

ಈ ಗಾಡಿಗಳಲ್ಲಿ ಬಹುಪಾಲು ಇವತ್ತು ಇಲ್ಲ. ಒಡೆದವು, ಸುಟ್ಟವು. ಸೀಸನ್ ಮುಗಿದರೆ ಎಂಜಿನ್ನು ಕಿತ್ತು ಹೊಸ ಚಾಸಿಸ್ಸಿಗೆ ಹಾಕಿ ಹಳೆಯದನ್ನು ಮಾರುತ್ತಿದ್ದರು. ಗಾರ್ಲಿಟ್ಸ್ ತಮ್ಮ ಗಾಡಿಗಳನ್ನು ಹುಡುಕಿ ತಂದು ಫ್ಲೋರಿಡಾದ ಓಕಾಲಾದಲ್ಲಿ ಮ್ಯೂಸಿಯಂ ಮಾಡಿದ್ದಾರೆ, ಅದೊಂದು ಪುಣ್ಯ. ಮೌಲ್ಡುಗಳ ಕತೆಯೂ ಹೀಗೇ. ಪ್ರತಿವರ್ಷ ಕಾರಿನ ರೂಪ ಬದಲಾದಾಗ ಕಂಪನಿಗಳು ಹಳೇ ಮೌಲ್ಡನ್ನೇ ಕೆತ್ತಿ ಹೊಸ ವರ್ಷದ ಕಾರು ಮಾಡುತ್ತಿದ್ದವು. ಉಕ್ಕು ಕೆತ್ತಿದ ಮೇಲೆ ಕೆತ್ತಿದ್ದೇ, ಹಿಂದಿನ ಕಾರು ಮತ್ತೆ ಬಾರದು. ಎಷ್ಟೋ ಒಳ್ಳೆಯ ಮೌಲ್ಡುಗಳು ಹೀಗೆ ಹೋದವು ಅಂತ ಯೋಚಿಸಿದರೆ ಕಸುಬಿನವನಾಗಿ ನನಗೆ ಸಂಕಟವಾಗುತ್ತದೆ. ಗಾರ್ಲಿಟ್ಸರ ಸ್ಲಿಂಗ್‌ಶಾಟಿನ ಮೌಲ್ಡು ಉಳಿದಿದೆ. ಈಗಿನ ಒಡೆಯರು ಅದನ್ನು ಮತ್ತೆ ಅಚ್ಚು ಹಾಕಿ ಹೊಸ ಡಬ್ಬದಲ್ಲಿ ಮಾರಿದ್ದಾರೆ. ಒಂದು ಕೊಂಡು ತಂದು ಅಜ್ಜನ ಕಿಟ್ಟಿನ ತುಂಡುಗಳ ಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ಫ್ಲ್ಯಾಷ್ ಸ್ವಲ್ಪ ಜಾಸ್ತಿ. ಎಜೆಕ್ಟರ್ ಪಿನ್ನಿನ ಗುರುತು ಎರಡರಲ್ಲೂ ಅದದೇ ಜಾಗದಲ್ಲಿ.

ಕಪ್ಪು ಗಾಡಿ ಮುಗಿದ ದಿನ ಅಜ್ಜನನ್ನು ಕರೆದೆ. ಅವರು ಗಾಡಿ ಎತ್ತಲಿಲ್ಲ, ಮೇಜಿನ ಮಟ್ಟಕ್ಕೆ ಬಗ್ಗಿ ಸುತ್ತ ನೋಡಿದರು. ನಾನು ಟಾರ್ಚನ್ನು ಓರೆಯಾಗಿ ಹಿಡಿದು ಎಕ್ಸಾಸ್ಟಿನ ಸಂದಿಯಲ್ಲಿ ಬೆರಳಚ್ಚು ತೋರಿಸಿದೆ. ಅವರು ತಮ್ಮ ಹೆಬ್ಬೆರಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಅಮ್ಮ ಅವರಿಗೆ ಕಾಫಿ ತಂದುಕೊಟ್ಟಳು.

ಅಮ್ಮ ಏಪ್ರಿಲ್ಲಿನಲ್ಲಿ ಊರಿಗೆ ಹೋದಳು. ನಾನೀಗ ಸ್ವಾಂಪ್ ರ‍್ಯಾಟ್ 14 ಕಟ್ಟಲು ಕೂತಿದ್ದೇನೆ. ಇದಕ್ಕೆ ಡಬ್ಬದ ಕಿಟ್ಟು ಬಳಸುತ್ತಿಲ್ಲ. ಪ್ಲಾಸ್ಟಿಕ್ ಕಡ್ಡಿಗಳನ್ನು ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿ ಚಾಸಿಸ್ಸನ್ನು ನಾನೇ ಮಾಡುತ್ತಿದ್ದೇನೆ. ರಟ್ಟಿನ ಆಳು ಮೊದಲ ದಿನದಿಂದಲೇ ಒಳಗೆ ಕೂತಿದ್ದಾನೆ. ಕೊಳವೆಗಳು ಅವನ ಸುತ್ತ ಏಳುತ್ತಿವೆ. ಹೋದ ಭಾನುವಾರ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. ಫೋನು ಹತ್ತಿರ ತಾ ಅಂದಳು. ಕನ್ನಡಕ ಹಾಕಿಕೊಂಡು ನೋಡಿದಳು.

“ಸ್ವಲ್ಪ ಹಿಂದಕ್ಕೆ ತಗಳಪ್ಪ ಅವನ್ನ. ಕಾಲು ಮೂತಿಗೆ ತಾಗ್ತಾ ಐತೆ.”

ಸ್ಕೇಲ್ ಇಟ್ಟು ನೋಡಿದೆ. ತಾಗುತ್ತಿತ್ತು. ಸೀಟನ್ನೂ ಪೆಡಲ್ಲನ್ನೂ ಎರಡು ಮಿಲಿಮೀಟರ್ ಹಿಂದಕ್ಕೆ ತಂದೆ. ಅಸಲಿ ಗಾಡಿಯ ಲೆಕ್ಕದಲ್ಲಿ ಐದು ಸೆಂಟಿಮೀಟರ್.